ಶನಿವಾರ ಪಾಸಾದ ವ್ಯಾನು

"ಹಾಕು ಬ್ರೇಕು!" ಪಂಢರಿನಾಥರು ಕೂಗಿದರು.

ಡ್ರೈವರ್ ಐತ ಪೆಡಲು ತುಳಿದ. ವ್ಯಾನು ಮೈದಾನದ ನಡುವೆ ಗೂಟ ಹೊಡೆದಂತೆ ನಿಂತಿತು. ಎಡಕ್ಕೆ ಎಳೆಯಲಿಲ್ಲ, ಬಲಕ್ಕೆ ಜಾರಲಿಲ್ಲ. ಪಕ್ಕದಲ್ಲಿ ಕೂತಿದ್ದ ಪಂಢರಿನಾಥರ ಹಣೆ ಮುಂದಿನ ಗಾಜಿಗೆ ಬಡಿಯುವುದೊಂದು ಬಾಕಿ.

"ಇನ್ನೊಂದು ಸಲ."

ಜೂನ್ ಬಂದರೂ ಮದರಾಸಿನ ಬಿಸಿಲು ಇಳಿದಿರಲಿಲ್ಲ. ಗಿಂಡಿಯ ಆಚೆಗಿನ ಆ ಮೈದಾನದಲ್ಲಿ ನೆರಳೆಂಬುದೇ ಇಲ್ಲ. ವಾಹನಗಳಿಗೆ ಪ್ರತಿವರ್ಷ ಎಫ್‌ಸಿ, ಅಂದರೆ ರಸ್ತೆಗೆ ಯೋಗ್ಯವೆಂಬ ಸರ್ಟಿಫಿಕೇಟು, ಕೊಡುವ ಇನ್‌ಸ್ಪೆಕ್ಟರಾಗಿ ಪಂಢರಿನಾಥರು ಎಷ್ಟೋ ಬೇಸಿಗೆ ಅಲ್ಲೇ ಬೆಂದಿದ್ದರು. ಯಾರ ಕೈಯಿಂದಲೂ ಒಂದು ಕಪ್ ಕಾಫಿ ಕುಡಿದವರಲ್ಲ. ಆದರೆ ದಣಿದಿದ್ದರು. ಶಾಲೆ ತೆರೆಯುವ ಹೊತ್ತಿಗೆ ಸಾಲುಗಟ್ಟುವ ಹಳೆಯ ವ್ಯಾನುಗಳು. ಅದೇ ಹಳದಿ ಬಣ್ಣ, ಅದೇ ರೆಕ್ಸಿನ್ ಸೀಟು. "ಈಗೀಗ ಎಲ್ಲಾ ಒಂದೇ ಥರ ಕಾಣ್ತಾವ," ಎಂದು ಮನೆಗೆ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು.

ಈ ಶನಿವಾರ ಮಾತ್ರ ಹಾಗೆ ಬಿಡುವಂತಿರಲಿಲ್ಲ. ಸೊಸೆ ವಿಮಲಾಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಮೊಮ್ಮಗಳು ಚಂದುವನ್ನು ಶಾಲೆಗೆ ಬಿಟ್ಟುಬರಲು ಯಾರೂ ಇರಲಿಲ್ಲ. ವೆಸ್ಟ್ ಮಾಂಬಲಂನ ಅವರ ಗಲ್ಲಿಯ ತುದಿಗೆ ಬರುತ್ತಿದ್ದುದು ಇದೇ ವ್ಯಾನು. "ಸೆಕೆಂಡ್ ಹ್ಯಾಂಡ್ ಅಂತ ಮಾವ. ನೀವು ನೋಡಿ ಹೂಂ ಅಂದ್ರ ಮಾತ್ರ ಕಳಸ್ತೀನಿ," ಎಂದಿದ್ದಳು.

ವ್ಯಾನಿನ ಮಾಲೀಕ ಕೃಷ್ಣರಾಜ ಕೈಕಟ್ಟಿ ನಿಂತಿದ್ದ. ಉಡುಪಿ ಕಡೆಯವನು. ಹೋಟೆಲು ಮುಚ್ಚಿ, ಹಳೆಯ ವ್ಯಾನುಗಳನ್ನು ಕೊಂಡು ಶಾಲೆಗಳಿಗೆ ಬಿಟ್ಟಿದ್ದ. ಇನ್‌ಸ್ಪೆಕ್ಟರ ಮೊಮ್ಮಗಳೇ ಈ ವ್ಯಾನು ಹತ್ತಲಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಪಂಢರಿನಾಥರೂ ಹೇಳಲಿಲ್ಲ.

"ಹಳತಾದ್ರೂ ಮಗುವಿನ ಹಾಗೆ ಸಾಕಿದ್ದೇನೆ ಸಾರ್. ಒಂದು ದಿವಸ ಮಳೆಯಲ್ಲಿ ನಿಲ್ಲಿಸಿದವನಲ್ಲ," ಎಂದ.

ಆ ಮಾತೇ ಅವರಿಗೆ ಅನುಮಾನ ತಂದಿತು. ಗೋಣಿಚೀಲ ಹಾಸಿ ವ್ಯಾನಿನಡಿ ತೂರಿದರು. ಸ್ಟಿಯರಿಂಗು ಅಲುಗಾಡಿಸಿದರು. ಸ್ಪ್ರಿಂಗುಪಟ್ಟಿಗಳನ್ನು ತಟ್ಟಿ ಕೇಳಿದರು. ಎಲ್ಲೂ ಕುಂದಿಲ್ಲ. ವೈಪರ್ ಹಾಕು ಎಂದಾಗ ಐತ ಗುಂಡಿಗಾಗಿ ತಡಕಾಡಿದ.

"ದಿನಾ ಓಡಿಸಾಂವ ನೀನೇ ಏನೋ?"

"ನಾನೇ ಸಾರ್. ದಿನಾ ವ್ಯಾನು ಓಡಿಸುವುದೇ ನನ್ನ ಕೆಲಸ." ಐತ ಧಣಿಯ ಮುಖ ನೋಡಿದ.

ವ್ಯಾನಿನ ಅಡಿಕಟ್ಟಿನ ಮೇಲೆ ಕೊರೆದ ಚಾಸಿಸ್ ನಂಬರು ಗ್ರೀಸಿನಡಿ ಹೂತಿತ್ತು. ಕೃಷ್ಣರಾಜನೇ ಬಗ್ಗಿ, ಒರೆಸಿ, ಗಟ್ಟಿಯಾಗಿ ಓದಿ ಹೇಳಿದ. ಇನ್ನೊಮ್ಮೆ ಬಗ್ಗಲು ಪಂಢರಿನಾಥರ ಸೊಂಟ ಒಪ್ಪಲಿಲ್ಲ. ಸರಿ ಎಂದು ತಲೆಯಾಡಿಸಿ ಸಹಿ ಹಾಕಿದರು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೇಳಿದರು, "ಕಳಸವ್ವಾ. ಅಂಥಾ ವ್ಯಾನು ನಾ ನೋಡೇ ಇಲ್ಲ." ಎಷ್ಟೋ ವರ್ಷದ ಮೇಲೆ ತಮ್ಮ ಸಹಿಯಿಂದ ಮನೆಗೊಂದು ಉಪಕಾರವಾಯಿತು ಅನ್ನಿಸಿತು.

ಸೋಮವಾರ ಬೆಳಿಗ್ಗೆ ಗಲ್ಲಿಯ ತುದಿಯಲ್ಲಿ ಹಾರನ್ ಕೂಗಿತು. "ತಾತಾ, ವ್ಯಾನ್ ವಂದಾಚ್ಚು!" ವ್ಯಾನು ಬಂತೆಂದು ಚಂದು ತಮಿಳಿನಲ್ಲೇ ಕಿರುಚಿ ಅವರ ಕೈ ಎಳೆದಳು. ಮನೆಯಲ್ಲಿ ಎಷ್ಟು ಕನ್ನಡ ಆಡಿದರೂ ಅವಳ ಉತ್ತರ ತಮಿಳಿನಲ್ಲೇ.

ಶನಿವಾರದ್ದೇ ನಂಬರು, ಅದೇ ಹಳದಿ. ಒಳಗೆ ಆಗಲೇ ಮಕ್ಕಳು ತುಂಬಿದ್ದರು. ಸ್ಟಿಯರಿಂಗ್ ಹಿಡಿದಿದ್ದ ಐತ ಪಂಢರಿನಾಥರನ್ನು ಕಂಡು ಬಿಳಿಚಿಕೊಂಡ. ಕೆಳಗಿಳಿದು ಹತ್ತಿರ ಬಂದ.

"ನಿಮ್ಮ ಮೊಮ್ಮಗಳಾ ಸಾರ್?"

"ಹೌದು. ಯಾಕ?"

"ಇದಕ್ಕೆ ಹತ್ತಿಸ್ಬೇಡಿ ಸಾರ್." ಪಿಸುದನಿಯಲ್ಲಿ ಹೇಳಿದ. "ನನಗೂ ಮಕ್ಕಳಿದ್ದಾರೆ."

ಪಂಢರಿನಾಥರು ಚಂದುವಿನ ಕೈಯನ್ನು ಹಿಂದೆಯೇ ಬಂದಿದ್ದ ವಿಮಲಾಳಿಗೆ ಕೊಟ್ಟು, ಡ್ರೈವರ್ ಸೀಟಿಗೆ ಹತ್ತಿ ಬ್ರೇಕು ತುಳಿದರು. ಪೆಡಲು ಕೆಸರಿನಲ್ಲಿ ಕಾಲಿಟ್ಟಂತೆ ತಳಕ್ಕೆ ಹೋಯಿತು. ಮತ್ತೆ ತುಳಿದರು. ಮತ್ತೆ ತಳಕ್ಕೇ. ಕೀಲಿ ಕಿತ್ತು ಜೇಬಿಗೆ ಹಾಕಿದರು. ಒಂದೊಂದೇ ಮಗುವನ್ನು ಕೈಹಿಡಿದು ಇಳಿಸಿ ಮನೆಯ ಮೆಟ್ಟಿಲ ಮೇಲೆ ಕೂಡಿಸಿದರು.

ಆಮೇಲೆ ಐತನ ಕಡೆ ತಿರುಗಿದರು. "ಮೊನ್ನೆ ಕಲ್ಲಿನಂಗ ನಿಂತಿತ್ತಲ್ಲೋ! ಅಷ್ಟರಾಗ ಏನ್ ಮಾಡಿದ್ರಿ ಇದಕ್ಕ?"

ಐತ ಅವರನ್ನು ಅರ್ಥವಾಗದವನಂತೆ ನೋಡಿದ. ನೋಡುತ್ತ ನೋಡುತ್ತ ಅವನ ಮುಖದಲ್ಲಿ ಮರುಕ ಮೂಡಿತು.

"ನಿಮಗೆ ಗೊತ್ತುಂಟು, ಗೊತ್ತಿದ್ದೇ ಬಿಡ್ತೀರಿ ಅಂತ ನಾವೆಲ್ಲ ತಿಳಿದದ್ದು ಸಾರ್."

"ಏನು ಗೊತ್ತುಂಟು?"

"ರಸ್ತೆಗೇ ಇಳಿಯದ ಒಂದು ವ್ಯಾನು ಪೆರುಂಗುಡಿ ಶೆಡ್ಡಿನಲ್ಲಿ ನಿಂತಿರ್ತದೆ ಸಾರ್; ಎಲ್ಲಾ ವ್ಯಾನುಗಳ ಬದಲಿಗೆ ಅದನ್ನೇ ನಂಬರ್ ಪ್ಲೇಟು ಬದಲಿಸಿ ಬದಲಿಸಿ ನಿಮ್ಮ ಮುಂದೆ ತರ್ತೇವೆ, ಇಷ್ಟು ವರ್ಷ ನೀವು ಪಾಸು ಮಾಡಿದ್ದು ಅದೊಂದನ್ನೇ."