ಒರೆಸಿದ ಲೆನ್ಸು

ನಾಮಕರಣದ ಮನೆಯ ಜಗಲಿಯಲ್ಲಿ ಕೂತು ಗಂಗರಾಜ ಕ್ಯಾಮೆರಾದ ಲೆನ್ಸಿನ ಧೂಳನ್ನು ರಬ್ಬರ್ ಬುರುಡೆಯ ಗಾಳಿಯಿಂದ ಹಾರಿಸಿ, ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒರೆಸುತ್ತಿದ್ದ. ಮನೆಯ ಅಜ್ಜಿ ನೋಡುತ್ತ ನಿಂತಳು.

“ಕೂಸಿನ ಮೈ ಒರೆಸಿದಂಗೆ ಒರೆಸ್ತೀಯಲ್ಲೋ! ನೀರಲ್ಲಿ ತೊಳೆದ್ರೆ ಆಗದಾ?”

“ಅಯ್ಯೋ ಅಜ್ಜಿ, ಒಳಕ್ಕೆ ತೇವ ಹೋದ್ರೆ ಇದು ಸತ್ತಂಗೆ. ಇದು ಸತ್ರೆ ನಾನು ಉಪವಾಸ.”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಮಾತುಗಾರ ಕಣೋ ನೀನು. ಯಾರ ಪೈಕಿ?”

“ಕೆಳಗೇರಿಯೋನು ಅಜ್ಜಿ. ತಮಟೆ ಮುನಿಯಪ್ಪನ ಮೊಮ್ಮಗ.”

ಅಜ್ಜಿಯ ನಗು ಅಲ್ಲಿಗೇ ನಿಂತಿತು. “ಹಂಗಾದ್ರೆ ನೀನು ಅಂಗಳಕ್ಕಿಳಿದು ಅಲ್ಲೇ ಇರು. ಕ್ಯಾಮೆರಾ ಮೆಟ್ಟಿಲ ಮೇಲಿಡು. ಒಳಗಿನ ಫೋಟೋ ನಮ್ಮ ಹುಡುಗರೇ ತೆಗೀತಾರೆ.”

ಅವನು ಅಂಗಳಕ್ಕಿಳಿದು ಕ್ಯಾಮೆರಾವನ್ನು ಮೆಟ್ಟಿಲ ಮೇಲಿಟ್ಟ. ಅಜ್ಜಿ ಕೊಟ್ಟಿಗೆಗೆ ಹೋಗಿ ಬಂದು, ಚೊಂಬಿನ ತುಂಬ ತಂದ ಗಂಜಲವನ್ನು ಲೆನ್ಸಿನ ಮೇಲೆ ಸುರಿದಳು.