ಬಚ್ಚಲಮನೆಯ ಸಿಂಹದ ಕಣ್ಣು

ಅವ್ವ ಬೆಳಗಿನಿಂದ ಬಚ್ಚಲಮನೆಯೊಳಗೆ ಸಿಕ್ಕಿಕೊಂಡಿದ್ದಳು. ಸಕ್ಕರೆ ಕಾಯಿಲೆಯವಳು, ಇನ್ನೂ ಏನೂ ತಿಂದಿರಲಿಲ್ಲ. ಬಾಗಿಲ ಮೇಲಿನ ಹಿತ್ತಾಳೆ ಸಿಂಹಕ್ಕೆ ಕಣ್ಣು ಕೂಡಿಸದೆ ಚಿಲಕ ಬಿಡುವುದಿಲ್ಲ. ಈ ಕಟ್ಟಡದಲ್ಲಿ ಎಲ್ಲರ ಬಾಗಿಲಿನ ಕಣ್ಣೂ ಇನ್ನೊಬ್ಬರ ಮನೆಯಲ್ಲೇ ಇರುತ್ತದೆ. ನಮ್ಮದು ಕೆಳಗಿನ ಮಹಡಿಯ ಶಾಂತವ್ವನ ಷೋಕೇಸಿನಲ್ಲಿತ್ತು.

ಶಾಂತವ್ವ ಕಣ್ಣು ಕೊಟ್ಟಳು. ಆದರೆ ಅಂದು ಶುಕ್ರವಾರ. "ಉಡಿ ತುಂಬಿಸ್ಕೊಳ್ಳದ ಹ್ಯಾಂಗ ಹೋಗ್ತೀ?" ಎಂದು ಅಕ್ಕಿ, ಕಾಯಿ, ಕುಪ್ಪಸದ ಕಣ ತಂದಳು.

"ಮೂರರ ಮ್ಯಾಲೆ ಹಿಡಿಯಾಕ ಬರೂದಿಲ್ಲಲ್ರೀ ಅಕ್ಕಾರ."

ಯಾರಿಗೂ ಬರುವುದಿಲ್ಲ, ನಾಲ್ಕನೆಯ ವಸ್ತು ಜಾರಿ ಬೀಳುತ್ತದೆ. ನನ್ನ ಬಳಿ ಆಗಲೇ ಮನೆಯ ಕೀಲಿ, ಕಣ್ಣು ಮತ್ತು ಕಬ್ಬಿಣದ ಸಲಾಕೆ ಇದ್ದವು.

"ಉಡಿ ಅಂದ್ರ ಒಂದ ಲೆಕ್ಕ. ಆ ಸಲಾಕಿ ಇಲ್ಲೇ ಇಡು."

ಸಲಾಕೆ ಇದ್ದದ್ದು ಸತ್ತ ಮೇಲೂ ಕಾರಿಡಾರಿನಲ್ಲಿ ಕಾಲೆಳೆಯುತ್ತ ತಿರುಗುವವನಿಗಾಗಿ. ಆದರೂ ಶಾಂತವ್ವನಿಗೆ ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ. ಇಟ್ಟು ಓಡಿದೆ. ಮೆಟ್ಟಿಲ ಬಳಿ ಅವನ ಉಗುರು ತಾಗಿ ಸೀರೆಯ ಅಂಚು ಹರಿಯಿತು.

ಕಣ್ಣು ಕೂಡಿಸಿದೆ. ಅವ್ವ ಹೊರಬಂದು ರೊಟ್ಟಿ ಮುರಿಯುತ್ತ ನನ್ನ ಉಡಿಯನ್ನು ನೋಡಿದಳು.

"ಶಾಂತವ್ವಗ ನೀ ಏನ್ ಕೊಟ್ಟಿ?"

"ಏನೂ ಇಲ್ಲ."

"ಉಡಿ ತುಂಬಿಸ್ಕೊಂಡು, ಏನೂ ಕೊಡದ ಹಂಗ ಬಂದ್ಯಾ? ಖೋಡಿ!"

ನಾನು ತಡೆಯುವ ಮೊದಲೇ ಬಾಳೆಹಣ್ಣಿನ ಚಿಪ್ಪು ಹಿಡಿದು ಹೊರಗೆ ನಡೆದಳು. ನಾನು ಬಾಗಿಲಿಗೆ ಕಿವಿಯಿಟ್ಟೆ. ಕಾಲೆಳೆಯುವ ಸದ್ದು ಹತ್ತಿರ ಬಂದು ನಿಂತಿತು.

"ನಡುದಾರ್‍ಯಾಗ ನಿಂತೀಯಲ್ಲ, ಸರಿಯೋ ಆಚೆ!" ಎಂದಳು ಅವ್ವ.

ಸದ್ದು ಮೆಲ್ಲಗೆ ಗೋಡೆಯ ಕಡೆಗೆ ಸರಿಯಿತು.