ಕಿಟಕಿಯಾಚೆಯ ಕನ್ನಡಕ

ಎರಡು ಕಾಲಾಳು ಮುಂದಿದ್ದರೂ ಮೇದಿನಿಗೆ ಮೈಯೆಲ್ಲ ಉರಿಯುತ್ತಿತ್ತು. ಹದಿಮೂರರೊಳಗಿನವರ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು. ಗೆದ್ದವರು ರಾಜ್ಯ ತಂಡಕ್ಕೆ. ಎದುರಿಗೆ ಕೂತ ಹುಡುಗನೋ ಹಲಗೆಗಿಂತ ಹೆಚ್ಚಾಗಿ ಕಿಟಕಿಯನ್ನೇ ನೋಡುತ್ತಿದ್ದ. ಅಲ್ಲಿ ಅವನ ಅಪ್ಪ ನಿಂತಿದ್ದರು. ಅವರು ಕನ್ನಡಕ ಸರಿಪಡಿಸಿಕೊಂಡರೆ ಇವನ ಕುದುರೆ ನಡೆಯುತ್ತಿತ್ತು, ಕಿವಿ ಕೆರೆದುಕೊಂಡರೆ ಆನೆ.

“ನಾಚ್ಕೆ ಆಗಲ್ವೇನೋ ನಿಂಗೆ?” ಅವಳು ಹಲ್ಲು ಕಡಿದಳು.

ಅವನು ಮತ್ತೆ ಕಿಟಕಿಯತ್ತ ಕತ್ತು ತಿರುಗಿಸಿದ.

ಮೇದಿನಿ ಕೈಯೆತ್ತಿ ತೀರ್ಪುಗಾರರನ್ನು ಕರೆದಳು. “ಸರ್, ಇವನು ಆಡ್ತಾನೇ ಇಲ್ಲ. ಇವರಪ್ಪ ಅಲ್ಲಿಂದ ಸನ್ನೆ ಮಾಡಿ ಆಡಿಸ್ತಿದಾರೆ.”

“ನಾನು ಕಣ್ಣಾರೆ ನೋಡಿಲ್ಲಮ್ಮ. ಆದ್ರೂ ಅವರನ್ನ ಕಳಿಸ್ತೀನಿ,” ಎಂದರು ತೀರ್ಪುಗಾರರು.

ಅಪ್ಪ ಕೂಗಾಡುತ್ತಲೇ ಗೇಟು ದಾಟಿದರು. ಕಿಟಕಿಯ ಬಾಗಿಲು ಮುಚ್ಚಿತು.

“ಇನ್ನೇನ್ ಮಾಡ್ತೀಯಾ?” ಮೇದಿನಿ ಅಣಕಿಸಿದಳು.

ಹುಡುಗ ಅಂಗಿಯ ತೋಳು ಮಡಚಿಕೊಂಡು ಮೊದಲ ಬಾರಿಗೆ ಹಲಗೆಯ ಮೇಲೆ ಬಾಗಿದ. ತನ್ನ ಒಂಟೆಯ ಬಾಯಿಗೆ ಬಿದ್ದು ಆಗಲೇ ಎರಡು ನಡೆಯಾಗಿದ್ದ ಅವಳ ರಾಣಿಯನ್ನು ಹೊಡೆದು ಪಕ್ಕಕ್ಕಿಟ್ಟ.

“ಥ್ಯಾಂಕ್ಸ್ ಕಣೆ,” ಎಂದ. “ನಮ್ಮಪ್ಪಂಗೆ ಚೆಸ್ ಬರಲ್ಲ.”